ಇರ್ಪು ಜಲಪಾತ: ಮೈಸೂರಿನಿಂದ ಹೊರಟು ಒಂದೇ ದಿನದಲ್ಲಿ, ಅವಸರ ಮಾಡದೆ

ಎಲ್ಲಿಗೆ ಹೊರಡೋಣ ಅಂದರೂ ನಮ್ಮಮ್ಮ ಕೇಳುವ ಮೊದಲ ಪ್ರಶ್ನೆ ಒಂದೇ. “ಹತ್ತೋದು ಎಷ್ಟಿದೆ?” ಮಂಡಿ ನೋವಿರುವವರ ಪ್ರಶ್ನೆ ಅದು. ಒಂದು ಕಾಲದಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಆಷಾಢ ಶುಕ್ರವಾರ ತಪ್ಪದೆ ಹತ್ತಿದವರು ಈಗ ಮನೆಯ ಮಹಡಿ ಮೆಟ್ಟಿಲನ್ನೂ ಎಣಿಸುತ್ತಾರೆ. ಅಂಥವರನ್ನು ಕಾಡಿನೊಳಗೆ ನಡೆಸಿಕೊಂಡು ಹೋಗಿ, ಜಲಪಾತದ ತುಂತುರಿಗೆ ಮುಖ ಒಡ್ಡಿ ನಿಲ್ಲಿಸಿ, ರಾತ್ರಿ ಊಟದ ಹೊತ್ತಿಗೆ ಕುವೆಂಪುನಗರದ ಮನೆಗೆ ವಾಪಸ್ ಕರೆತರಲು ಆಗಿದ್ದು ಒಂದೇ ಒಂದು ಜಾಗದಲ್ಲಿ. ಅದು ಇರ್ಪು. ಕೆಲವರು ಇರುಪ್ಪು ಅಂತಾರೆ, ಎರಡೂ ಒಂದೇ.

ಜಾಗ ಇರುವುದು ಕೊಡಗಿನ ದಕ್ಷಿಣದ ತುದಿಯಲ್ಲಿ, ಬ್ರಹ್ಮಗಿರಿ ಬೆಟ್ಟದ ಬುಡದಲ್ಲಿ. ಆದರೆ ಅಲ್ಲಿ ಬೀಳುವ ನೀರು ನಮ್ಮದೇ ಕಡೆ ಬರುತ್ತದೆ. ಅದು ಲಕ್ಷ್ಮಣತೀರ್ಥ ಹೊಳೆ. ನಾಗರಹೊಳೆ ಕಾಡು ದಾಟಿ, ಹನಗೋಡು ಅಣೆಕಟ್ಟೆ ನೋಡಿಕೊಂಡು, ಹುಣಸೂರು ಊರಿನ ಪಕ್ಕದಲ್ಲೇ ಹರಿದು, ಕಟ್ಟೆಮಳಲವಾಡಿ ಕಟ್ಟೆಯನ್ನೂ ದಾಟಿ, ಕೊನೆಗೆ ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತದೆ. ಅಂದರೆ ಮೈಸೂರಿಗರು ಇರ್ಪುವಿಗೆ ಹೋಗುವುದು ಅಂದರೆ ಗೊತ್ತಿರುವ ಹೊಳೆಯನ್ನು ಹಿಂದಕ್ಕೆ ಹುಡುಕಿಕೊಂಡು ಹೋದ ಹಾಗೆ. ಈ ಲೆಕ್ಕ ತಲೆಯಲ್ಲಿ ಇಟ್ಟುಕೊಂಡು ಹೊರಟರೆ ದಾರಿಯೂ ಪ್ರವಾಸದ ಭಾಗವಾಗುತ್ತದೆ. ಇಲ್ಲದಿದ್ದರೆ ಮೂರು ಗಂಟೆ ಗಾಡಿ ಓಡಿಸಿ, ಇಪ್ಪತ್ತು ನಿಮಿಷ ನಡೆದು, ಹತ್ತು ಫೋಟೋ ತೆಗೆದು, “ಇಷ್ಟಕ್ಕೇನಾ ಬಂದಿದ್ದು?” ಅಂತ ವಾಪಸ್ ಬರುವವರ ಸಾಲಿಗೆ ನೀವೂ ಸೇರುತ್ತೀರಿ. ಅಂಥವರನ್ನು ಪ್ರತಿ ಸಲ ನೋಡುತ್ತೇನೆ.

ಮೊದಲು ತಿಂಗಳು ಆರಿಸಿಕೊಳ್ಳಿ

ಜಲಪಾತಕ್ಕೆ ಹೊರಡುವವರು ತಪ್ಪುವುದು ಇಲ್ಲೇ. ಕೊಡಗಿಗೆ ಮಳೆ ತರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು. ಜುಲೈ, ಆಗಸ್ಟ್‌ನಲ್ಲಿ ನೀರು ಬಂಡೆಯನ್ನೇ ಮುಚ್ಚಿಕೊಂಡು ಬೀಳುತ್ತದೆ. ನೋಡಲು ಭಯಂಕರ ಚೆಂದ, ಆದರೆ ಹತ್ತಿರ ಹೋಗಲು ಆಗುವುದಿಲ್ಲ. ಮಳೆ ಜೋರಾದ ದಿನ ಪ್ರವೇಶವನ್ನೇ ನಿಲ್ಲಿಸುತ್ತಾರೆ. ದಾರಿ ಪೂರ್ತಿ ಜಿಗಣೆ. ಕ್ಯಾಮೆರಾ ಹೊರಗೆ ತೆಗೆಯುವ ಹಾಗೂ ಇಲ್ಲ.

ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗೆ ಒಳ್ಳೆಯ ಕಾಲ. ನೀರು ತುಂಬಿರುತ್ತದೆ, ಆದರೆ ಕೆಂಪು ಬಣ್ಣ ಹೋಗಿ ತಿಳಿಯಾಗಿರುತ್ತದೆ. ಬಿಸಿಲು ಎಲೆಗಳ ಸಂದಿಯಿಂದ ಇಳಿದು ದಾರಿಯ ಮೇಲೆ ಬೀಳುತ್ತದೆ. ದಸರಾ ರಜೆಯೂ ಇದೇ ಸಮಯಕ್ಕೆ ಬರುತ್ತದೆ. ಆದರೆ ದಸರಾ ವಾರದಲ್ಲಿ ಮಾತ್ರ ಬೇಡ. ಮೈಸೂರಿಗೆ ಬಂದ ಅರ್ಧ ಜನ ಆಮೇಲೆ ಕೊಡಗಿಗೆ ಹೋಗುತ್ತಾರೆ.

ಜನವರಿ ದಾಟಿದ ಮೇಲೆ ನೀರು ದಿನೇ ದಿನೇ ಇಳಿಯುತ್ತದೆ. ಏಪ್ರಿಲ್‌ನಲ್ಲಿ ಅದು ಜಲಪಾತ ಅನ್ನುವುದಕ್ಕಿಂತ ಬಂಡೆಯ ಮೇಲೆ ಜಾರುವ ಬಿಳಿ ದಾರ. ಆದರೂ ಒಂದು ಆಸೆಗೆ ಆ ಕಾಲದಲ್ಲಿ ಹೋಗಬಹುದು. ಮೊದಲ ಮಳೆ ಬಿದ್ದ ಮೇಲೆ ಕಾಫಿ ತೋಟಗಳು ಒಟ್ಟಿಗೆ ಹೂ ಬಿಡುತ್ತವೆ. ಗೋಣಿಕೊಪ್ಪ ದಾಟಿದ ಮೇಲೆ ಗಾಡಿಯ ಗಾಜು ಇಳಿಸಿದರೆ ಮಲ್ಲಿಗೆಯಂಥ ಪರಿಮಳ ಒಳಗೆ ನುಗ್ಗುತ್ತದೆ.

ಶಿವರಾತ್ರಿಗೆ ಇಲ್ಲಿ ಜನ ತುಂಬುತ್ತಾರೆ. ಲಕ್ಷ್ಮಣತೀರ್ಥದಲ್ಲಿ ಮಿಂದು ರಾಮೇಶ್ವರನ ದರ್ಶನ ಮಾಡುವ ದಿನ ಅದು. ಭಕ್ತಿಗೆ ಹೋಗುವುದಾದರೆ ಅದೇ ದಿನ ಹೋಗಿ. ಕಾಡು ನೋಡಲು ಹೋಗುವುದಾದರೆ ಆ ದಿನ ಬಿಟ್ಟುಬಿಡಿ.

ವಾರದ ಯಾವ ದಿನ ಅಂದರೆ, ರಜೆ ಸಿಗುವುದಾದರೆ ಮಂಗಳವಾರವೋ ಬುಧವಾರವೋ. ಭಾನುವಾರವೇ ಆಗಬೇಕು ಅಂದರೆ ಬೆಳಿಗ್ಗೆ ಹತ್ತರೊಳಗೆ ಅಲ್ಲಿರಿ. ಹನ್ನೊಂದೂವರೆಗೆ ಟೆಂಪೋ ಟ್ರಾವೆಲರ್‌ಗಳು ಸಾಲಾಗಿ ಬರುತ್ತವೆ. ಆಮೇಲೆ ಕಾಡಿನಲ್ಲಿ ಹಕ್ಕಿ ಕೂಗುವುದು ಕೇಳುವುದಿಲ್ಲ, ಸ್ಪೀಕರ್ ಕೇಳುತ್ತದೆ.

ಹಿಂದಿನ ರಾತ್ರಿ ಚೀಲ ತುಂಬುವುದು

ನಡೆಯುವುದು ಒಂದು ಕಿಲೋಮೀಟರ್‌ಗಿಂತ ಕಡಿಮೆ. ಅದಕ್ಕೆ ಬೆನ್ನ ಮೇಲೆ ಮೂಟೆ ಬೇಡ. ಆದರೆ ಕೆಲವು ಸಾಮಾನು ಬೇಕೇ ಬೇಕು.

ಕಾಲಿಗೆ ಹಿಡಿತ ಇರುವ ಶೂ ಅಥವಾ ಹಿಂದೆ ಪಟ್ಟಿ ಇರುವ ಸ್ಯಾಂಡಲ್. ಹವಾಯಿ ಚಪ್ಪಲಿ ಬೇಡ. ಹೊಸ ಶೂ ಅಂತೂ ಬೇಡವೇ ಬೇಡ, ಒದ್ದೆಯಾದರೆ ಕಚ್ಚುತ್ತದೆ. ಮಳೆಗಾಲಕ್ಕೆ ಮಂಡಿಯವರೆಗೆ ಬರುವ ದಪ್ಪ ಕಾಲುಚೀಲ ತೆಗೆದುಕೊಂಡು, ಪ್ಯಾಂಟ್‌ನ ತುದಿಯನ್ನು ಅದರೊಳಗೆ ಸಿಕ್ಕಿಸಿ. ನೋಡಲು ಸ್ವಲ್ಪ ತಮಾಷೆಯಾಗಿ ಇರುತ್ತದೆ, ಪರವಾಗಿಲ್ಲ. ಜಿಗಣೆಗೆ ಅಂತ ಒಂದು ಸಣ್ಣ ಡಬ್ಬಿಯಲ್ಲಿ ಉಪ್ಪು. ಒಂದು ಜೊತೆ ಒಣ ಬಟ್ಟೆ, ಟವೆಲ್, ಒದ್ದೆ ಬಟ್ಟೆ ಹಾಕಲು ಒಂದು ಬಟ್ಟೆಯ ಚೀಲ. ಹೆಂಗಸರಿಗೆ ಬಟ್ಟೆ ಬದಲಾಯಿಸಲು ಮರೆ ಮಾಡಿಕೊಳ್ಳುವ ಹಾಗೆ ಒಂದು ದೊಡ್ಡ ಪಂಚೆ. ವಯಸ್ಸಾದವರಿಗೆ ಒಂದು ಊರುಗೋಲು. ಅಮ್ಮ ಮೊದಲು “ನಾನೇನು ಮುದುಕೀನಾ?” ಅಂತ ಸಿಟ್ಟಾದರು. ವಾಪಸ್ ಬರುವಾಗ ಅದನ್ನು ಯಾರ ಕೈಗೂ ಕೊಡಲಿಲ್ಲ.

ಊಟ ಮನೆಯಿಂದಲೇ ತೆಗೆದುಕೊಂಡು ಹೋಗುವುದು ವಾಸಿ. ನಮ್ಮ ಮನೆಯಲ್ಲಿ ಪುಳಿಯೋಗರೆ ಮತ್ತು ಮೊಸರನ್ನ. ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಸ್ಟೀಲ್ ಬಾಟಲಿಯಲ್ಲಿ ನೀರು. ಜಲಪಾತದ ದಾರಿಗೆ ಪ್ಲಾಸ್ಟಿಕ್ ಕವರು, ಚಿಪ್ಸ್ ಪೊಟ್ಟಣ ಒಯ್ಯಬೇಡಿ. ತಿನ್ನುವುದನ್ನು ಗಾಡಿಯಲ್ಲೇ ಇಟ್ಟು, ನೋಡಿ ಬಂದ ಮೇಲೆ ತಿನ್ನಿ. ಕೈಯಲ್ಲಿ ಪೊಟ್ಟಣ ಕಂಡರೆ ಕೋತಿಗಳು ಸುಮ್ಮನೆ ಬಿಡುವುದಿಲ್ಲ.

ಜೇಬಿನಲ್ಲಿ ಒಂದಿಷ್ಟು ನಗದು, ಅದರಲ್ಲೂ ಚಿಲ್ಲರೆ. ಬೆಟ್ಟದ ಬುಡದಲ್ಲಿ ಫೋನ್ ಸಿಗ್ನಲ್ ನಂಬಿಕೊಂಡು ಹೋಗಬಾರದು. ಮ್ಯಾಪ್ ಅನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಬೆಳಿಗ್ಗೆ ಆರಕ್ಕೆ ಹೊರಡಿ

ಆರು ಅಂದರೆ ಆರೇ. ಏಳು ಅಂದರೆ ಎಂಟಾಗುತ್ತದೆ, ಅದು ಎಲ್ಲರ ಮನೆಯ ಕಥೆ.

ಮೈಸೂರಿನಿಂದ ಇಲವಾಲ, ಬಿಳಿಕೆರೆ ದಾಟಿ ಹುಣಸೂರು. 45 ಕಿಲೋಮೀಟರ್, ಬೆಳಗಿನ ಹೊತ್ತು ಒಂದು ಗಂಟೆ ಸಾಕು. ತಿಂಡಿ ಇಲ್ಲೇ ಮುಗಿಸಿ. ಬಿಸಿ ಇಡ್ಲಿ, ಚಟ್ನಿ, ಒಂದು ಕಾಫಿ. ಹೋಟೆಲ್ ಹೆಸರು ಕೇಳಬೇಡಿ, ಲಾರಿಯವರೂ ಶಾಲೆ ಮೇಷ್ಟ್ರೂ ಒಟ್ಟಿಗೆ ತಿನ್ನುತ್ತಿರುವ ಕಡೆ ನಿಲ್ಲಿಸಿ.

ಹುಣಸೂರಿನಲ್ಲಿ ಒಂದು ಐದು ನಿಮಿಷ ಲಕ್ಷ್ಮಣತೀರ್ಥ ನೋಡಿ. ನೋಡಲು ಅಂಥ ಚೆಂದವೇನಲ್ಲ. ಊರಿನ ಕೊಳೆ, ಹೂಳು, ಗಿಡಗಂಟಿ ಎಲ್ಲ ಹೊತ್ತುಕೊಂಡು ಮಂದವಾಗಿ ಹರಿಯುತ್ತಿರುತ್ತದೆ. ಬೇಸಿಗೆಯಲ್ಲಿ ಹರಿಯುವುದೂ ಕಷ್ಟ. ಅದಕ್ಕೇ ನೋಡಿ ಅನ್ನುವುದು. ಇನ್ನು ಮೂರು ಗಂಟೆಯಲ್ಲಿ ಇದೇ ನೀರನ್ನು ಗಾಜಿನಂತೆ ನೋಡುತ್ತೀರಿ. ಅಕ್ಕನ ಮಗನಿಗೆ ಇದನ್ನು ಹೇಳಿದಾಗ ಅವನು ನಂಬಲೇ ಇಲ್ಲ. “ಮಾಮ, ಸುಮ್ನೆ ಹೇಳ್ತೀಯಾ” ಅಂದ.

ಹುಣಸೂರಿನಿಂದ ಎರಡು ದಾರಿ.

ಮೊದಲನೆಯದು ಗೋಣಿಕೊಪ್ಪದ ದಾರಿ. ಪಂಚವಳ್ಳಿ, ಆನೆಚೌಕೂರು, ತಿತಿಮತಿ, ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲ. ಅಲ್ಲಿಂದ ಕುಟ್ಟದ ಕಡೆ ಹೋಗುವ ರಸ್ತೆಯಲ್ಲಿ ಇರ್ಪುವಿಗೆ ತಿರುವು. ಮೈಸೂರಿನಿಂದ ಲೆಕ್ಕ ಹಾಕಿದರೆ ಸುಮಾರು 120 ಕಿಲೋಮೀಟರ್, ನಿಲ್ಲುತ್ತಾ ಹೋದರೆ ಮೂರು ಗಂಟೆ ದಾಟುತ್ತದೆ. ಹುಣಸೂರು ಬಿಟ್ಟ ಮೇಲೆ ಎರಡೂ ಕಡೆ ಹೊಗೆಸೊಪ್ಪಿನ ಹೊಲ, ಅದನ್ನು ಬೇಯಿಸುವ ಎತ್ತರದ ಬ್ಯಾರನ್ ಮನೆಗಳು. ಪಂಚವಳ್ಳಿ ದಾಟಿದ ಮೇಲೆ ಹೊಲ ಮುಗಿದು ಒಮ್ಮೆಲೇ ತೇಗದ ನೆರಳು ಶುರುವಾಗುತ್ತದೆ. ನಾಗರಹೊಳೆಯ ಅಂಚು ಅದು. ದಾರಿಯಲ್ಲೇ ಮತ್ತಿಗೋಡು ಆನೆ ಶಿಬಿರ ಸಿಗುತ್ತದೆ. 2020ರಲ್ಲಿ ಮೊದಲ ಸಲ ದಸರೆಯ ಚಿನ್ನದ ಅಂಬಾರಿ ಹೊತ್ತ ಅಭಿಮನ್ಯು ಇಲ್ಲಿಯವನೇ. ಮೈಸೂರಿನ ಮಕ್ಕಳಿಗೆ ಇದನ್ನು ಹೇಳಿದರೆ ಮಲಗಿದ್ದವರೂ ಎದ್ದು ಕೂರುತ್ತಾರೆ.

ಎರಡನೆಯದು ಕಾಡಿನ ದಾರಿ. ಹುಣಸೂರಿನಿಂದ ವೀರನಹೊಸಹಳ್ಳಿ ಗೇಟಿನಲ್ಲಿ ಒಳಗೆ ಹೋಗಿ, ನಾಗರಹೊಳೆ ದಾಟಿ ಕುಟ್ಟದ ಕಡೆ ಹೊರಬರುವುದು. ದಸರಾ ಆನೆಗಳ ಗಜಪಯಣ ಶುರುವಾಗುವುದೂ ಇದೇ ವೀರನಹೊಸಹಳ್ಳಿಯಿಂದ. ದೂರ ಕಡಿಮೆ, ಜಿಂಕೆ ಕಾಣುವುದು ಹೆಚ್ಚುಕಡಿಮೆ ಗ್ಯಾರಂಟಿ. ಆದರೆ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಗೇಟು ಹಾಕಿರುತ್ತಾರೆ. ಒಳಗೆ ಗಾಡಿ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ, ಹಾರ್ನ್ ಹೊಡೆಯುವಂತಿಲ್ಲ. ಆನೆ ರಸ್ತೆಯಲ್ಲಿ ನಿಂತಿದ್ದರೆ ಅದು ಹೋಗುವವರೆಗೆ ದೂರದಲ್ಲೇ ಕಾಯುವುದು, ಅಷ್ಟೇ.

ಈ ಗೇಟಿನ ವಿಷಯ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾವು ಒಮ್ಮೆ ಸಿಕ್ಕಿಹಾಕಿಕೊಂಡಿದ್ದೇವೆ. ಬೆಳಿಗ್ಗೆ ಕಾಡಿನ ದಾರಿಯಲ್ಲಿ ಹೋಗಿ, ವಾಪಸ್ಸೂ ಅದರಲ್ಲೇ ಬರೋಣ ಅಂತ ಕುಟ್ಟದಲ್ಲಿ ಟೀ ಕುಡಿಯುತ್ತಾ ಕೂತೆವು. ಗೇಟು ಮುಟ್ಟಿದಾಗ ಆರು ಐದು. ಕಾವಲಿನವರು ಬಯ್ಯಲೂ ಇಲ್ಲ, ಬಿಡಲೂ ಇಲ್ಲ. ಸುಮ್ಮನೆ ಗಡಿಯಾರ ತೋರಿಸಿದರು. ತಿರುಗಿಸಿಕೊಂಡು ಶ್ರೀಮಂಗಲ, ಗೋಣಿಕೊಪ್ಪ ಸುತ್ತಿ ಮನೆ ಸೇರಿದಾಗ ಹನ್ನೊಂದು ಹತ್ತಿರ. ಅಮ್ಮ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು. ಅಂದಿನಿಂದ ನಮ್ಮದು ಒಂದೇ ನಿಯಮ: ಹೋಗುವಾಗ ಕಾಡು, ಬರುವಾಗ ಗೋಣಿಕೊಪ್ಪ.

ಬಸ್ಸಿನಲ್ಲಿ ಹೋಗುವವರು ಮೈಸೂರಿನಿಂದ ಗೋಣಿಕೊಪ್ಪಕ್ಕೆ ಹೋಗಿ, ಅಲ್ಲಿ ಕುಟ್ಟದ ಕಡೆ ಹೋಗುವ ಬಸ್ ಹಿಡಿಯಿರಿ. ಇರ್ಪು ತಿರುವಿನಲ್ಲಿ ಇಳಿಸಿ ಅಂತ ಕಂಡಕ್ಟರ್‌ಗೆ ಹತ್ತುವಾಗಲೇ ಹೇಳಿಡಿ. ಉಳಿದ ದೂರಕ್ಕೆ ಆಟೋ. ಶ್ರೀಮಂಗಲದಲ್ಲೇ ಇಳಿದು ಹೋಗಿಬರುವ ಬಾಡಿಗೆ ಮಾತಾಡಿಕೊಂಡರೆ ವಾಪಸ್ ಬರುವಾಗ ಪರದಾಟ ಇಲ್ಲ.

ದೇವಸ್ಥಾನದ ಮುಂದೆ

ರಸ್ತೆಯ ಕೊನೆಯಲ್ಲಿ ಕಾಫಿ ತೋಟ ಬಿಟ್ಟುಕೊಟ್ಟು ಗದ್ದೆ ಬಯಲು ತೆರೆದುಕೊಳ್ಳುತ್ತದೆ. ಅದರ ಹಿಂದೆ ಬ್ರಹ್ಮಗಿರಿ, ಅರ್ಧ ಮೋಡದಲ್ಲಿ. ನವೆಂಬರ್‌ನಲ್ಲಿ ಪೈರು ಹಳದಿಗೆ ತಿರುಗಿರುತ್ತದೆ. ಗದ್ದೆಯ ಅಂಚಿನಲ್ಲಿ ರಾಮೇಶ್ವರ ದೇವಸ್ಥಾನ. ಗಾಡಿ ಇಲ್ಲೇ ನಿಲ್ಲಿಸುವುದು.

ಸೀತೆಯನ್ನು ಹುಡುಕುತ್ತಾ ರಾಮ ಲಕ್ಷ್ಮಣರು ಈ ಕಡೆ ಬಂದಾಗ ರಾಮನಿಗೆ ಬಾಯಾರಿಕೆ ಆಯಿತಂತೆ. ಲಕ್ಷ್ಮಣ ಬ್ರಹ್ಮಗಿರಿಗೆ ಬಾಣ ಬಿಟ್ಟ, ನೀರು ಚಿಮ್ಮಿತು, ಹೊಳೆಗೆ ಅವನ ಹೆಸರೇ ಬಂತು. ಇಲ್ಲಿನ ಲಿಂಗವನ್ನು ರಾಮನೇ ಪ್ರತಿಷ್ಠೆ ಮಾಡಿದ ಅನ್ನುವುದು ಜನರ ನಂಬಿಕೆ. ದರ್ಶನ ಬೇಕು ಅನ್ನುವವರು ಬಂದ ತಕ್ಷಣ ಮುಗಿಸಿಕೊಳ್ಳಿ. ನೀರಾಟ ಆಡಿ, ಒದ್ದೆ ಬಟ್ಟೆಯಲ್ಲಿ, ಮಧ್ಯಾಹ್ನದ ಹೊತ್ತಿಗೆ ಬಂದರೆ ಬಾಗಿಲು ಹಾಕಿರಬಹುದು.

ಶೌಚಕ್ಕೆ ಹೋಗುವುದಿದ್ದರೆ ಇಲ್ಲೇ ಹೋಗಿ ಬನ್ನಿ, ಮೇಲೆ ಕಾಡಿನಲ್ಲಿ ಅನುಕೂಲ ಇಲ್ಲ. ಉಪ್ಪಿನ ಡಬ್ಬಿ ಜೇಬಿಗೆ. ಅರಣ್ಯ ಇಲಾಖೆಯ ಕೌಂಟರ್‌ನಲ್ಲಿ ಟಿಕೆಟ್ ತೆಗೆದುಕೊಳ್ಳಿ. ಎಷ್ಟು ಹೊತ್ತಿಗೆ ಎಲ್ಲರನ್ನೂ ಕೆಳಗೆ ಇಳಿಸುತ್ತಾರೆ, ಇವತ್ತು ನೀರು ಹೇಗಿದೆ ಅಂತ ಅಲ್ಲೇ ಕೇಳಿ. “ಇವತ್ತು ಜಾಸ್ತಿ ಇದೆ, ನೀರಿಗೆ ಇಳೀಬೇಡಿ” ಅಂತ ಅವರು ಹೇಳಿದರೆ ಅದು ಮಾತಿಗೆ ಹೇಳಿದ್ದಲ್ಲ. ಅವರು ಆ ಹೊಳೆಯನ್ನು ದಿನಾ ನೋಡುವವರು.

ನಡೆಯುವುದು ಹೇಗೆ

ಶುರುವಿನಲ್ಲಿ ದಾರಿ ಹೆಚ್ಚುಕಡಿಮೆ ಸಮವಾಗಿದೆ. ಹೊಳೆ ಪಕ್ಕದಲ್ಲೇ ಬರುತ್ತದೆ. ಆಮೇಲೆ ಮರಗಳು ಮೇಲೆ ಕೂಡಿಕೊಂಡು ಬಿಸಿಲು ಕಡಿಮೆಯಾಗುತ್ತದೆ, ಮೆಟ್ಟಿಲು ಶುರು. ಗಟ್ಟಿಮುಟ್ಟಾದವರಿಗೆ ಕಾಲು ಗಂಟೆಯ ಮಾತು. ನೀವು ಮುಕ್ಕಾಲು ಗಂಟೆ ತೆಗೆದುಕೊಳ್ಳಿ. ಸೋಮಾರಿತನಕ್ಕೆ ಹೇಳುತ್ತಿಲ್ಲ. ಈ ದಾರಿಯಲ್ಲಿ ನೋಡುವುದೆಲ್ಲ ಇರುವುದು ನಿಂತವರಿಗೆ.

ಮೊದಲ ಸಲ ನಿಂತಾಗ ಕಿವಿಗೆ ಬಿದ್ದಿದ್ದು ಒಂದು ಸಿಳ್ಳೆ. ಯಾರೋ ಹುಡುಗ ಅರ್ಧ ಗೊತ್ತಿರುವ ಹಾಡನ್ನು ಸಿಳ್ಳೆ ಹಾಕುತ್ತಾ, ಮಧ್ಯೆ ಮರೆತು, ಮತ್ತೆ ಎಲ್ಲಿಂದಲೋ ಶುರು ಮಾಡಿದ ಹಾಗೆ. ಅಕ್ಕನ ಮಗ ಮೇಲೆ ಯಾರೋ ಇದ್ದಾರೆ ಅಂತಲೇ ಹುಡುಕಿದ. ಅದು ಸಿಳ್ಳಾರ ಹಕ್ಕಿ. ಕಪ್ಪು ಮೈ, ಹಣೆ ಮತ್ತು ಭುಜದ ಮೇಲೆ ಹೊಳೆಯುವ ನೀಲಿ. ನೀರಿನ ಪಕ್ಕದ ಬಂಡೆಗಳೇ ಅದರ ಮನೆ. ಬೆಳಿಗ್ಗೆ ಬೇಗ ಹೋದರೆ ಕೇಳುವ ಸಾಧ್ಯತೆ ಹೆಚ್ಚು.

ಬಿಸಿಲು ಬಿದ್ದ ಒದ್ದೆ ಮಣ್ಣಿನ ಮೇಲೆ ಚಿಟ್ಟೆಗಳು ಗುಂಪಾಗಿ ಕೂತಿರುತ್ತವೆ. ಅವು ನೀರು ಕುಡಿಯುವುದಷ್ಟೇ ಅಲ್ಲ, ಮಣ್ಣಿನಲ್ಲಿರುವ ಉಪ್ಪಿನಂಶ ಹೀರುತ್ತಿರುತ್ತವೆ. ಹೆಚ್ಚಿನವು ಗಂಡು. ಕಾಲು ಅಪ್ಪಳಿಸಿ ಹಾರಿಸಬೇಡಿ. ಎರಡು ನಿಮಿಷ ಕುಕ್ಕರುಗಾಲಲ್ಲಿ ಕೂತರೆ ಸುತ್ತಿ ಬಂದು ನಿಮ್ಮ ಬೆವರಿನ ಕೈ ಮೇಲೇ ಕೂರುತ್ತವೆ. ಅವಕ್ಕೆ ಅಲ್ಲೂ ಉಪ್ಪೇ ಬೇಕಾಗಿರುವುದು.

ಮಂಡಿ ನೋವಿನವರಿಗೆ ಒಂದು ಮಾತು. ಮೆಟ್ಟಿಲು ಹತ್ತುವಾಗ ಗಟ್ಟಿ ಇರುವ ಕಾಲು ಮೊದಲು ಇಡಿ, ಇಳಿಯುವಾಗ ನೋಯುವ ಕಾಲು ಮೊದಲು. ಅಮ್ಮನಿಗೆ ಫಿಸಿಯೋಥೆರಪಿಯಲ್ಲಿ ಹೇಳಿಕೊಟ್ಟಿದ್ದು ಇದು. ಬಂಡೆ, ಮೆಟ್ಟಿಲು, ಬಸ್ಸು ಎಲ್ಲದಕ್ಕೂ ಇದೇ ಲೆಕ್ಕ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಜಾಸ್ತಿ ಭಾರ. ಅದಕ್ಕೆ ಶಕ್ತಿಯ ಅರ್ಧ ಭಾಗ ವಾಪಸ್ ದಾರಿಗೆ ಉಳಿಸಿಕೊಳ್ಳಿ. ಪ್ರತಿ ಇಪ್ಪತ್ತು ಮೆಟ್ಟಿಲಿಗೆ ಒಂದು ನಿಮಿಷ ನಿಲ್ಲಿ. ಹಿಂದೆ ಬರುವವರು ದಾಟಿ ಹೋಗಲಿ ಬಿಡಿ. ನೀರು ಎಲ್ಲಿಗೂ ಓಡಿಹೋಗುವುದಿಲ್ಲ, ಅಲ್ವಾ?

ತುದಿಯವರೆಗೆ ಆಗುವುದಿಲ್ಲ ಅನ್ನಿಸಿದರೆ ಹೊಳೆ ಕಾಣುವ ಕಡೆ ಕಲ್ಲಿನ ಮೇಲೆ ಕೂರಿ. ಅಮ್ಮ ಮೊದಲ ಸಲ ಹಾಗೇ ಮಾಡಿದ್ದು. ಕಾಲು ನೀರಿಗೆ ಬಿಟ್ಟುಕೊಂಡು ಒಂದು ಗಂಟೆ ಕೂತಿದ್ದರು. ನಾವು ವಾಪಸ್ ಬಂದಾಗ ಪಕ್ಕದಲ್ಲಿ ಕೂತ ಪೊನ್ನಂಪೇಟೆಯ ಅಜ್ಜಿಯೊಬ್ಬರ ಹತ್ತಿರ ಕಡಂಬುಟ್ಟು, ಅಂದರೆ ಕೊಡಗಿನ ಅಕ್ಕಿ ಕಡುಬಿನ ಹದ ಕೇಳಿಕೊಳ್ಳುತ್ತಿದ್ದರು. ಎರಡನೇ ಸಲ ತುದಿವರೆಗೆ ಬಂದರು.

ಜಿಗಣೆ

ಇದಕ್ಕೆ ಪ್ರತ್ಯೇಕ ಜಾಗ ಕೊಡಲೇಬೇಕು. ಮಳೆಗಾಲದಲ್ಲಿ ಹೋಗುವವರಿಗೆ ಜಿಗಣೆಯದೇ ಭಯ.

ಹತ್ತಿರದಿಂದ ನೋಡಿ ಒಮ್ಮೆ. ಎಲೆಯ ತುದಿಯಲ್ಲಿ ಒಂದು ಒದ್ದೆ ದಾರದ ತುಂಡು. ನೀವು ಹತ್ತಿರ ಬರುತ್ತಿದ್ದ ಹಾಗೆ ಅದು ಎದ್ದು ನಿಂತು, ಬಾಲದ ಮೇಲೆ ನಿಂತು, ತಲೆಯನ್ನು ಅತ್ತಿತ್ತ ಆಡಿಸುತ್ತದೆ. ನಿಮ್ಮ ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರು ಎಲ್ಲ ಅದಕ್ಕೆ ಗೊತ್ತಾಗುತ್ತದೆ. ಶೂ ಮೇಲೆ ಹತ್ತಿ, ಗೇಣು ಹಾಕುತ್ತಾ ಕಾಲುಚೀಲದ ಅಂಚು ಹುಡುಕುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅಕ್ಕನ ಮಗನ ಹಿಮ್ಮಡಿಯ ಮೇಲೆ ನಾವು ನೋಡುವಷ್ಟರಲ್ಲಿ ದಾರ ಹೋಗಿ ಕಪ್ಪು ದ್ರಾಕ್ಷಿ ಆಗಿತ್ತು.

ಕಿತ್ತು ಎಳೆಯಬೇಡಿ. ಅದರ ಸಣ್ಣ ತುದಿ ಬಾಯಿ. ಆ ತುದಿಯ ಪಕ್ಕದಲ್ಲಿ ಚರ್ಮಕ್ಕೆ ಉಗುರು ಒತ್ತಿ, ಅಡ್ಡಕ್ಕೆ ಜಾರಿಸಿ. ಬಾಯಿ ಬಿಟ್ಟ ಮೇಲೆ ಇನ್ನೊಂದು ತುದಿಯನ್ನೂ ಬಿಡಿಸಿ ದೂರ ಎಸೆಯಿರಿ. ಉಪ್ಪು ಹಾಕಿದರೂ ಬಿಡುತ್ತದೆ. ಆದರೆ ಕಚ್ಚಿಕೊಂಡಿರುವಾಗ ಉಪ್ಪು ಹಾಕಿದರೆ ಅದು ಕುಡಿದದ್ದನ್ನು ಗಾಯಕ್ಕೇ ಕಕ್ಕಬಹುದು. ಹಾಗಾಗಿ ಉಪ್ಪನ್ನು ಇನ್ನೂ ಶೂ ಮೇಲೆ ಓಡಾಡುತ್ತಿರುವ ಜಿಗಣೆಗೆ ಬಳಸಿ. ಹುಣಸೂರು ಕಡೆಯವರು ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲುಚೀಲಕ್ಕೆ ಹಚ್ಚುತ್ತಾರೆ. ಅದೂ ಕೆಲಸ ಮಾಡುತ್ತದೆ, ವಾಸನೆ ತಡೆಯುವುದಾದರೆ.

ಜಿಗಣೆ ಬಿಟ್ಟ ಮೇಲೂ ರಕ್ತ ಹರಿಯುತ್ತಲೇ ಇರುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಅದರ ಜೊಲ್ಲಿನಲ್ಲಿ ಇದೆ. ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು, ಪಟ್ಟಿ ಕಟ್ಟಿ. ನೋಡಲು ದೊಡ್ಡ ಗಾಯದ ಹಾಗೆ ಕಂಡರೂ ಹೋಗುವ ರಕ್ತ ಸ್ವಲ್ಪವೇ. ನಾಲ್ಕು ದಿನ ನವೆ ಇರುತ್ತದೆ. ಆದರೆ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದರೆ ಮಳೆಗಾಲ ಬಿಟ್ಟು ಡಿಸೆಂಬರ್‌ನಲ್ಲಿ ಕರೆದುಕೊಂಡು ಹೋಗಿ.

ನೀರಿನ ಮುಂದೆ

ಕೊನೆಯ ತಿರುವಿನ ಮೊದಲೇ ತಂಪು ಗಾಳಿ ಮುಖಕ್ಕೆ ಹೊಡೆಯುತ್ತದೆ. ಕನ್ನಡಕ ಮಂಜಾಗುತ್ತದೆ. ಆಮೇಲೆ ಜಲಪಾತ. ಎತ್ತರ ಸುಮಾರು 170 ಅಡಿ. ಜೋಗದ ಹಾಗೆ ಎದುರಿನ ಗುಡ್ಡದಲ್ಲಿ ನಿಂತು ನೋಡುವುದಲ್ಲ ಇದು. ಬಂಡೆಯಿಂದ ಬಂಡೆಗೆ ಹಂತ ಹಂತವಾಗಿ ಇಳಿದು ನಿಮ್ಮ ಕಾಲ ಹತ್ತಿರವೇ ಬಂದು ಬೀಳುತ್ತದೆ. ದೊಡ್ಡದು ಅನ್ನುವುದಕ್ಕಿಂತ ಹತ್ತಿರದ್ದು ಅನ್ನಬೇಕು.

ಮೊದಲು ಐದು ನಿಮಿಷ ಸುಮ್ಮನೆ ನಿಂತು ನೋಡಿ. ನೀರಿಗೆ ಇಳಿಯುವ ಮೊದಲು ಮಾಡಬೇಕಾದ ಕೆಲಸವೂ ಇದೇ. ನೀರಿನ ಬಣ್ಣ ತಿಳಿಯಾಗಿದೆಯಾ, ಕೆಂಪಾ? ಮೇಲಿನಿಂದ ಎಲೆ, ಕಡ್ಡಿ ತೇಲಿಬರುತ್ತಿವೆಯಾ? ಈಗ ತಾನೇ ಒಣಗಿದ್ದ ಕಲ್ಲು ಒದ್ದೆಯಾಯಿತಾ? ನೀವು ನಿಂತ ಕಡೆ ಬಿಸಿಲಿದ್ದರೂ ಬೆಟ್ಟದ ನೆತ್ತಿಯಲ್ಲಿ ಮಳೆ ಹೊಡೆಯುತ್ತಿರಬಹುದು. ಆ ನೀರು ಕೆಳಗೆ ಬರಲು ಹೆಚ್ಚು ಹೊತ್ತು ಬೇಡ. ಇದರಲ್ಲಿ ಒಂದು ಗುರುತು ಕಂಡರೂ, ಸದ್ದು ಇದ್ದಕ್ಕಿದ್ದ ಹಾಗೆ ಜೋರಾದರೂ, ಚಪ್ಪಲಿ ಹುಡುಕದೆ ಮೆಟ್ಟಿಲಿನ ಕಡೆ ಬನ್ನಿ.

ನೀರು ಕಡಿಮೆ ಇದ್ದು, ಅಲ್ಲಿನವರು ಬಿಟ್ಟರೆ, ಅಂಚಿನ ಆಳವಿಲ್ಲದ ಕಡೆ ಕೂತು ನೆನೆಯಬಹುದು. ಧಾರೆಯ ನೇರ ಕೆಳಗೆ ತಲೆ ಕೊಡಬೇಡಿ. ನೀರಿನ ಜೊತೆ ಸಣ್ಣ ಕಲ್ಲೂ ಬರುತ್ತದೆ. ಪಾಚಿ ಕಟ್ಟಿದ ಬಂಡೆ ಹಸಿರಾಗಿಯೇ ಇರಬೇಕು ಅಂತಿಲ್ಲ, ಕಪ್ಪಗೆ ಹೊಳೆಯುವ ಬಂಡೆ ಅದಕ್ಕಿಂತ ಜಾರು. ನೀರಿನಲ್ಲಿ ನಡೆಯುವಾಗ ಪಾದ ಎತ್ತಿ ಇಡುವ ಬದಲು ತಳಕ್ಕೆ ಸವರಿಕೊಂಡು ಮುಂದೆ ತಳ್ಳಿ. ಬಂಡೆಗಳ ಸಂದಿಗೆ ಕಾಲು ಹೋಗುವುದು ತಪ್ಪುತ್ತದೆ. ಮಕ್ಕಳ ಕೈಯನ್ನು ಬೆರಳಲ್ಲಿ ಅಲ್ಲ, ಮಣಿಕಟ್ಟಿನಲ್ಲಿ ಹಿಡಿಯಿರಿ. ಸೋಪು, ಶಾಂಪೂ ಗಾಡಿಯಲ್ಲೇ ಇರಲಿ. ಹುಣಸೂರಿನಲ್ಲಿ ಏನು ನೋಡಿ ಬಂದಿರಿ ಅಂತ ನೆನಪಿದೆ ಅಲ್ವಾ? ಇಲ್ಲಿಂದಲೇ ಶುರು ಮಾಡುವುದು ಬೇಡ.

ನೀರು ಕೊರೆಯುತ್ತದೆ. ಡಿಸೆಂಬರ್‌ನಲ್ಲಿ ಹತ್ತು ನಿಮಿಷಕ್ಕೆ ಹಲ್ಲು ಕಟಕಟ ಅನ್ನುತ್ತದೆ. ಒದ್ದೆ ಬಟ್ಟೆ ಬದಲಾಯಿಸಿಕೊಂಡೇ ಇಳಿಯಿರಿ.

ಅಲ್ಲಿ ಕೂತಾಗ ಒಂದು ವಿಷಯ ಯೋಚಿಸಿ ನೋಡಿ. ಇದೇ ಬ್ರಹ್ಮಗಿರಿಯ ಆ ಕಡೆ ಕೇರಳದ ವಯನಾಡು, ತಿರುನೆಲ್ಲಿ ದೇವಸ್ಥಾನ. ಆ ಮಗ್ಗುಲಲ್ಲಿ ಇಳಿದ ನೀರು ಕಬಿನಿಗೆ ಸೇರಿ, ಎಚ್‌.ಡಿ. ಕೋಟೆ, ನಂಜನಗೂಡು ದಾಟಿ ತಿ. ನರಸೀಪುರದಲ್ಲಿ ಕಾವೇರಿಗೆ ಬರುತ್ತದೆ. ಈ ಮಗ್ಗುಲಲ್ಲಿ ಇಳಿದದ್ದು ಹುಣಸೂರಿನ ಮೇಲೆ ಕೆಆರ್‌ಎಸ್‌ಗೆ. ಬೆಟ್ಟದ ನೆತ್ತಿಯಲ್ಲಿ ಒಂದು ಮಾರು ಅತ್ತಿತ್ತ ಬಿದ್ದ ಎರಡು ಹನಿ ಬೇರೆ ಬೇರೆ ಊರು ಸುತ್ತಿ ಮೈಸೂರು ಜಿಲ್ಲೆಯಲ್ಲೇ ಮತ್ತೆ ಭೇಟಿಯಾಗುತ್ತವೆ.

1,608 ಮೀಟರ್ ಎತ್ತರದ ಆ ನೆತ್ತಿಗೆ ಹೋಗುವ ಚಾರಣವೂ ಇರ್ಪುವಿನ ಕಡೆಯಿಂದಲೇ ಹೊರಡುತ್ತದೆ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಪೂರ್ತಿ ದಿನ ಬೇಕು, ಮಂಡಿ ಗಟ್ಟಿ ಇರಬೇಕು. “ಇಲ್ಲೇ ಮೇಲೆ ಹೋಗಿ ನೋಡಿ ಬರೋಣ” ಅಂತ ಜಲಪಾತದ ಪಕ್ಕದ ಬಂಡೆ ಹತ್ತುವುದು ಚಾರಣ ಅಲ್ಲ, ಅಪಾಯ. ಮೇಲಿರುವುದು ವನ್ಯಜೀವಿ ಧಾಮ, ಆನೆ ಓಡಾಡುವ ಕಾಡು.

ವಾಪಸ್ ದಾರಿ

ಮಧ್ಯಾಹ್ನ ಒಂದೂವರೆಗೆ ಕೆಳಗೆ ಇಳಿದು, ಡಬ್ಬಿ ಬಿಚ್ಚಿ. ನೀರಲ್ಲಿ ನೆನೆದ ಹಸಿವಿಗೆ ಪುಳಿಯೋಗರೆ ಎರಡು ಪಟ್ಟು ರುಚಿ. ಹೋಟೆಲ್ ಊಟವೇ ಬೇಕು ಅನ್ನುವವರು ಗೋಣಿಕೊಪ್ಪದವರೆಗೆ ತಡೆದುಕೊಳ್ಳಿ. ಅಕ್ಕಿ ರೊಟ್ಟಿ, ನೂಪುಟ್ಟು (ಅಕ್ಕಿ ಶಾವಿಗೆ), ಕಡಂಬುಟ್ಟು ಸಿಗುತ್ತದೆ, ತಿನ್ನುವವರಿಗೆ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರೂ. ಕಾಳುಮೆಣಸು, ಜೇನು ಕೊಳ್ಳುವುದಾದರೂ ಅಲ್ಲೇ. ಒಮ್ಮೆ ದಾರಿಬದಿಯ ಒಂದು ಅಂಗಡಿಯಲ್ಲಿ “ಕಾಡಿನ ಜೇನು” ಅಂತ ಕೊಂಡಿದ್ದು ಮನೆಗೆ ಬಂದು ಒಂದು ತಿಂಗಳಿಗೆ ತಳದಲ್ಲಿ ಬೆಲ್ಲದ ಪಾಕದ ಹಾಗೆ ನಿಂತಿತ್ತು. ನಿಜವಾದ ಜೇನೂ ಗಟ್ಟಿಯಾಗುತ್ತದೆ ನಿಜ, ಆದರೆ ಇದು ವಾಸನೆಯೂ ಬೆಲ್ಲದ್ದೇ. ಈಗ ಸಹಕಾರ ಸಂಘದ ಮಳಿಗೆ ಕಂಡರೆ ಮಾತ್ರ ಕೊಳ್ಳುತ್ತೇನೆ.

ಮೂರು ಗಂಟೆಗೆ ಗೋಣಿಕೊಪ್ಪ ಬಿಟ್ಟರೆ ತಿತಿಮತಿ ಕಾಡನ್ನು ಬೆಳಕಿರುವಾಗಲೇ ದಾಟುತ್ತೀರಿ. ಸಂಜೆಯಾದ ಹಾಗೆ ಆನೆಗಳು ರಸ್ತೆಗೆ ಬರುವುದು ಜಾಸ್ತಿ. ಸಮಯ ಉಳಿದಿದ್ದರೆ ಇಲವಾಲದ ಹತ್ತಿರ ನೇರ ಮನೆಗೆ ಹೋಗದೆ ಸಾಗರಕಟ್ಟೆಯ ಕಡೆ ತಿರುಗಿಸಿ. ಅಲ್ಲಿ ಸೇತುವೆಯ ಎರಡೂ ಕಡೆ ಹಿನ್ನೀರು ಹರಡಿಕೊಂಡಿರುತ್ತದೆ. ಲಕ್ಷ್ಮಣತೀರ್ಥ ಕಾವೇರಿಗೆ ಸಿಗುವುದು ಈ ನೀರಿನಲ್ಲೇ. ನಾವು ಹೋದ ದಿನ ಮೈಸೂರು–ಹಾಸನ ರೈಲು ಪಕ್ಕದ ಸೇತುವೆಯ ಮೇಲೆ ಹೋಯಿತು. ಅಕ್ಕನ ಮಗ ರೈಲಿಗೆ ಕೈ ಬೀಸಿ, ಆಮೇಲೆ ನೀರಿನ ಕಡೆ ನೋಡಿ, “ಮಾಮ, ಬೆಳಿಗ್ಗೆ ನೋಡಿದ ನೀರು ಇಲ್ಲಿಗೆ ಬರೋಕೆ ಎಷ್ಟು ದಿನ ಬೇಕು?” ಅಂದ. ಹನಗೋಡಿನಲ್ಲಿ, ಕಟ್ಟೆಮಳಲವಾಡಿಯಲ್ಲಿ ಕಾಲುವೆಗೆ ತಿರುಗಿಸಿಕೊಳ್ಳದೆ ಬಿಟ್ಟರೆ ಬರುತ್ತೆ ಕಣೋ ಅಂದೆ. ದಿನದ ಲೆಕ್ಕ ನನಗೂ ಹೊಳೆಯಲಿಲ್ಲ.

ಮನೆ ಸೇರಿದ ಮೇಲೆ ಒಂದು ಕೆಲಸ ಬಾಕಿ ಇದೆ. ಶೂಗಳನ್ನು ಒಳಗೆ ತರಬೇಡಿ. ಹೊರಗೇ ಬಿಚ್ಚಿ, ಒಳಪದರ ಎಳೆದು, ನೆಲಕ್ಕೆ ಬಡಿದು, ಹಳೆ ಪೇಪರ್ ತುರುಕಿ ಇಡಿ. ಕಾಲುಚೀಲ ನೇರ ಉಪ್ಪುನೀರಿನ ಬಕೆಟ್‌ಗೆ. ಗಾಡಿಯ ಮ್ಯಾಟ್‌ಗಳನ್ನೂ ತೆಗೆದು ಝಾಡಿಸಿ. ನಾವು ಅದನ್ನು ಮರೆತ ಸಲ, ಮಾರನೇ ದಿನ ಸಂತೇಪೇಟೆಗೆ ಸಾಮಾನು ತರಲು ಹೋದಾಗ ಅಮ್ಮ ಮುಂದಿನ ಸೀಟಿನಲ್ಲಿ ಇದ್ದಕ್ಕಿದ್ದ ಹಾಗೆ ಕಾಲು ಮೇಲಕ್ಕೆ ಎತ್ತಿಕೊಂಡರು. ಮ್ಯಾಟಿನ ಅಂಚಿನಲ್ಲಿ ಒಂದು ಒದ್ದೆ ದಾರದ ತುಂಡು ಎದ್ದು ನಿಂತು ಅತ್ತಿತ್ತ ತಲೆ ಆಡಿಸುತ್ತಿತ್ತು.